ಡಾಕ್ಟರ್ ಲುಡ್ವಿಗ್ ಗುಟ್‌ಮನ್

ವ್ಯಾಯಾಮವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಗರಡಿಮನೆಯ ಕೆಮ್ಮಣ್ಣು, ದಂಡ, ಬಸಕಿ, ಎಣ್ಣೆ ತಿಕ್ಕಿದ ಗಟ್ಟಿಮುಟ್ಟಾದ ಮೈ. ಅದು ದೃಢಕಾಯರಿಗೆ ಇನ್ನಷ್ಟು ದಾರ್ಢ್ಯವನ್ನು ಕೊಡುವ ಸಾಧನವೆಂದೂ, ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ ಅದರಿಂದ ಆಗಬೇಕಾದುದು ಏನೂ ಇಲ್ಲವೆಂದೂ ನಾವು ವಿಚಾರಿಸಿ ನೋಡದೆಯೇ ನಂಬಿಬಿಟ್ಟಿರುತ್ತೇವೆ. ಈ ನಂಬಿಕೆ ತಲೆಕೆಳಗಾದುದೆಂದೂ, ನಡೆಯಲಾರದವನಿಗೇ ವ್ಯಾಯಾಮದ ಅಗತ್ಯ ಎಲ್ಲರಿಗಿಂತ ಹೆಚ್ಚೆಂದೂ ರೋಗಿಗಳನ್ನು ಬದುಕಿಸಿ ತೋರಿಸಿಕೊಟ್ಟ ವೈದ್ಯರೊಬ್ಬರ ಚರಿತ್ರೆಯನ್ನು ಈ ಸಲದ ಸಂಚಿಕೆಗೆ ಬರೆಯುತ್ತಿದ್ದೇನೆ. ಪಂಡಿತರೂ ಕವಿಗಳೂ ದೇಶಭಕ್ತರೂ ಅನೇಕರಿರುವಾಗ ಈ ಪರದೇಶದ ಡಾಕ್ಟರನ್ನೇ ಏಕೆ ಆರಿಸಿಕೊಂಡೆನೆಂಬುದು ಲೇಖನದ ನಡುವೆ ತಾನಾಗಿ ತಿಳಿಯುವುದು.

ಲುಡ್ವಿಗ್ ಗುಟ್‌ಮನ್ನರು 1899ನೆಯ ಇಸವಿ ಜುಲೈ 3ರಂದು ಟೋಸ್ಟ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಆಗ ಅದು ಜರ್ಮನಿಗೆ ಸೇರಿತ್ತು, ಈಗ ಪೋಲೆಂಡಿನಲ್ಲಿದೆ. ಅವರದು ಯೆಹೂದ್ಯ ಮನೆತನ. ಮಗುವಿಗೆ ಮೂರು ವರ್ಷವಾಗುವ ಹೊತ್ತಿಗೆ ಸಂಸಾರವು ಕ್ಯೋನಿಗ್ಸ್‌ಹ್ಯೂಟೆ ಎಂಬ ಕಲ್ಲಿದ್ದಲು ಗಣಿಯ ಊರಿಗೆ ಬಂದು ನೆಲೆಸಿತು. ಗಣಿಯ ಊರೆಂದ ಮೇಲೆ ಅಪಘಾತಗಳು ತಪ್ಪಿದ್ದಲ್ಲ. ಅದಕ್ಕೆಂದೇ ಅಲ್ಲಿ ಒಂದು ಆಸ್ಪತ್ರೆಯಿತ್ತು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ 1917ರಲ್ಲಿ, ಹದಿನೆಂಟು ವರ್ಷದ ತರುಣ ಲುಡ್ವಿಗ್ ಆ ಆಸ್ಪತ್ರೆಯಲ್ಲಿ ಸ್ವಯಂಸೇವಕನಾಗಿ ದುಡಿಯುತ್ತಿದ್ದನು. ಒಂದು ದಿನ ಬೆನ್ನೆಲುಬು ಮುರಿದ ಗಣಿ ಕೆಲಸಗಾರನೊಬ್ಬನನ್ನು ಹೊತ್ತು ತಂದರು. ಒಳ್ಳೆಯ ಪ್ರಾಯದ, ಕಟ್ಟುಮಸ್ತಾದ ಆಳು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಅವನ ವಿವರಗಳನ್ನು ಶ್ರದ್ಧೆಯಿಂದ ಬರೆದುಕೊಳ್ಳಲು ಹೊರಟ ಲುಡ್ವಿಗ್‌ನಿಗೆ ಹಿರಿಯ ವೈದ್ಯರು, ಅಷ್ಟೆಲ್ಲ ಬರೆಯುವ ಶ್ರಮ ಬೇಡ, ಕೆಲವು ವಾರಗಳಲ್ಲಿ ಅವನು ಸಾಯುವವನೇ ಎಂದು ತಿಳಿಸಿದರು. ಅವರು ಹೇಳಿದಂತೆಯೇ ಆಯಿತು. ಐದು ವಾರಗಳಲ್ಲಿ ಅವನು ತೀರಿಕೊಂಡನು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಆ ಗಣಿಯವನನ್ನು ಕೊಂದದ್ದು ಮುರಿದ ಎಲುಬಲ್ಲ. ಬೆನ್ನೆಲುಬಿನ ಕೊಳವೆಯೊಳಗೆ ಮೆದುಳಿನಿಂದ ಇಳಿದುಬರುವ ಬೆನ್ನುಹುರಿಯೆಂಬುದೊಂದಿದೆ. ಕಾಲಿಗೆ ನಡೆಯೆಂಬ ಆಜ್ಞೆ ಇಳಿಯುವುದೂ, ಕಾಲಿಗೆ ಮುಳ್ಳು ಚುಚ್ಚಿತೆಂಬ ಸುದ್ದಿ ಮೇಲೇರುವುದೂ ಆ ದಾರಿಯಿಂದಲೇ. ಹುರಿಯು ಜಜ್ಜಿಹೋದರೆ ಎರಡು ಕಡೆಯ ಸಂಚಾರವೂ ನಿಂತುಹೋಗುತ್ತದೆ. ನಾವು ನಿದ್ದೆಯಲ್ಲಿಯೂ ಹೊರಳುತ್ತೇವೆ. ಏಕೆಂದರೆ ಒತ್ತಿದ ಕಡೆ ಮೈ ನೊಂದು ನಮಗೆ ಅರಿವಿಲ್ಲದೆಯೇ ಎಚ್ಚರಿಕೆ ಕೊಡುತ್ತದೆ. ಆ ನೋವೇ ತಿಳಿಯದವನು ಮಲಗಿಸಿದ ಹಾಗೆಯೇ ಮಲಗಿರುತ್ತಾನೆ. ಒತ್ತಿದ ಕಡೆ ರಕ್ತ ಹರಿಯದೆ ಚರ್ಮ ಸತ್ತು ವ್ರಣವಾಗುತ್ತದೆ, ವ್ರಣ ಎಲುಬಿನವರೆಗೆ ಇಳಿಯುತ್ತದೆ. ಇತ್ತ ಮೂತ್ರಕೋಶವು ತಾನಾಗಿ ಬರಿದಾಗದೆ ಅಲ್ಲಿ ಕೀವು ಸೇರಿ ನಂಜು ಮೂತ್ರಪಿಂಡಕ್ಕೆ ಏರುತ್ತದೆ. ಈ ಎರಡು ದಾರಿಗಳಿಂದ ಬರುವ ಮೃತ್ಯುವನ್ನು ಆ ಕಾಲದ ವೈದ್ಯರು ವಿಧಿಲಿಖಿತವೆಂದೇ ಎಣಿಸಿ ಕೈಕಟ್ಟಿ ಕುಳಿತಿದ್ದರು. ಗಣಿಯವನ ಮುಖ ಗುಟ್‌ಮನ್ನರ ನೆನಪಿನಿಂದ ಮಾಸಲಿಲ್ಲ.

1918ರಲ್ಲಿ ಅವರು ಬ್ರೆಸ್ಲೌ ನಗರದ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ವ್ಯಾಸಂಗಕ್ಕೆ ಸೇರಿ, 1924ರಲ್ಲಿ ಫ್ರೈಬುರ್ಗಿನಲ್ಲಿ ವೈದ್ಯ ಪದವಿಯನ್ನು ಪಡೆದರು. ತರುವಾಯ ನರರೋಗಗಳ ಚಿಕಿತ್ಸೆಯಲ್ಲಿ ಜಗದ್ವಿಖ್ಯಾತರಾಗಿದ್ದ ಓಟ್‌ಫ್ರೀಡ್ ಫ್ಯೋರ್ಸ್ಟರರ ಕೈಕೆಳಗೆ ಬ್ರೆಸ್ಲೌವಿನಲ್ಲಿಯೇ ಪಳಗಿದರು. 1933ರ ವೇಳೆಗೆ ನರಗಳ ಶಸ್ತ್ರಚಿಕಿತ್ಸೆಯಲ್ಲಿ ಅವರ ಹೆಸರು ಜರ್ಮನಿಯ ಅಗ್ರಗಣ್ಯರ ಸಾಲಿನಲ್ಲಿತ್ತು. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯ ವೈದ್ಯರು ಸಾರ್ವಜನಿಕ ಆಸ್ಪತ್ರೆಗಳಲ್ಲಿ ಇರಕೂಡದೆಂದಾಯಿತು. ಗುಟ್‌ಮನ್ನರು ಅದೇ ಊರಿನ ಯೆಹೂದ್ಯರ ಆಸ್ಪತ್ರೆಗೆ ಹೋಗಿ ಸೇರಿದರು. 1937ರಲ್ಲಿ ಅದರ ಮುಖ್ಯಸ್ಥರೂ ಆದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯೆಹೂದ್ಯರ ಮನೆ, ಅಂಗಡಿ, ಪ್ರಾರ್ಥನಾಮಂದಿರಗಳ ಮೇಲೆ ದಾಳಿ ನಡೆಯಿತು. ಗಂಡಸರನ್ನು ಹಿಡಿಹಿಡಿದು ಸೆರೆಶಿಬಿರಗಳಿಗೆ ಸಾಗಿಸತೊಡಗಿದರು. ಆ ರಾತ್ರಿ ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಯಾರು, ಏನು ಎಂದು ವಿಚಾರಿಸದೆ ಒಳಗೆ ಸೇರಿಸಿಕೊಳ್ಳಬೇಕೆಂದು ಗುಟ್‌ಮನ್ನರು ಅಪ್ಪಣೆ ಮಾಡಿದರು. ಬಂದವರು 64 ಮಂದಿ. ಮರುದಿನ ರಹಸ್ಯ ಪೊಲೀಸರು ಬಂದು ಲೆಕ್ಕ ಕೇಳಿದಾಗ, ಈ ವೈದ್ಯರು ಒಬ್ಬೊಬ್ಬನಿಗೂ ಒಂದೊಂದು ರೋಗವನ್ನು ಹೆಸರಿಸಿ, ಇವನನ್ನು ಕದಲಿಸಕೂಡದೆಂದು ವಾದಿಸುತ್ತ ಹೋದರು. 60 ಮಂದಿ ಉಳಿದುಕೊಂಡರು. ಸತ್ಯವನ್ನೇ ನುಡಿಯಬೇಕೆಂದು ನಿತ್ಯವೂ ಮಕ್ಕಳಿಗೆ ಬೋಧಿಸುವ ನಾನು, ಆ ಬೆಳಗಿನ ಸುಳ್ಳುಗಳಿಗೆ ತಲೆಬಾಗುತ್ತೇನೆ.

ಜರ್ಮನಿಯಿಂದ ಅವರು ಪಾರಾದ ಬಗೆಯೂ ವಿಚಿತ್ರವಾದುದು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರನ ಆಪ್ತರೊಬ್ಬರ ಚಿಕಿತ್ಸೆಗಾಗಿ ನಾಜಿ ಸರಕಾರವೇ ಅವರಿಗೆ ರಹದಾರಿಯನ್ನು ಕೊಟ್ಟು ಕಳುಹಿಸಿತು. ಹಿಂದಿರುಗುವಾಗ ಲಂಡನ್ನಿನಲ್ಲಿ ಇಳಿದಾಗ, ದೇಶಭ್ರಷ್ಟ ವಿದ್ವಾಂಸರಿಗೆ ನೆರವಾಗುತ್ತಿದ್ದ ಸಂಸ್ಥೆಯೊಂದು ಅವರಿಗೆ ಇಂಗ್ಲೆಂಡಿನಲ್ಲಿ ಆಶ್ರಯವನ್ನು ಏರ್ಪಡಿಸಿತು. 1939ರ ಮಾರ್ಚ್ 14ರಂದು ಪತ್ನಿ ಎಲ್ಸ, ಮಗ ಹಾಗೂ ಮಗಳೊಡನೆ ಅವರು ಆಕ್ಸ್‌ಫರ್ಡ್ ಸೇರಿದರು. ನಲವತ್ತು ತುಂಬುತ್ತ ಬಂದ ವಯಸ್ಸು. ಹೊಸ ದೇಶ, ಹೊಸ ಭಾಷೆ. ಊರು ಬಿಟ್ಟು ಬಂದು ಪರಭಾಷೆಯ ನಗರದಲ್ಲಿ ಒಲೆ ಹೂಡಿದವರ ಸಂಕಟವನ್ನು ನಮ್ಮ ಶಾಲೆಯ ಪಾಲಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆಕ್ಸ್‌ಫರ್ಡಿನಲ್ಲಿ ನಾಲ್ಕೈದು ವರ್ಷ ಅವರು ನರಗಳ ಕುರಿತು ಸಂಶೋಧನೆಯಲ್ಲಿ ಕಳೆದರು.

ಎರಡನೆಯ ಮಹಾಯುದ್ಧವು ಉಗ್ರವಾಗಿ ನಡೆದಿತ್ತು. ಯೂರೋಪಿನ ಕರಾವಳಿಯ ಮೇಲೆ ಸೈನ್ಯವನ್ನು ಇಳಿಸುವ ಸನ್ನಾಹದಲ್ಲಿದ್ದ ಬ್ರಿಟಿಷ್ ಸರಕಾರ, ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರು ಹೆಚ್ಚಾಗಿ ಬರುವರೆಂದು ಊಹಿಸಿ, ಅವರಿಗಾಗಿಯೇ ಒಂದು ಚಿಕಿತ್ಸಾ ವಿಭಾಗವನ್ನು ತೆರೆಯಬೇಕೆಂದು 1943ರಲ್ಲಿ ಗುಟ್‌ಮನ್ನರನ್ನು ಕೇಳಿಕೊಂಡಿತು. ಹಿಂದಿನ ಯುದ್ಧದಲ್ಲಿ ಇಂಥ ಗಾಯಾಳುಗಳಲ್ಲಿ ಐವರಿಗೆ ನಾಲ್ವರು ಸತ್ತಿದ್ದರು; ಇದರಿಂದ ಕೀರ್ತಿ ಬರುವುದೆಂದು ಯಾರೂ ಎಣಿಸುವಂತಿರಲಿಲ್ಲ. ತಮ್ಮ ರೀತಿಯಲ್ಲಿಯೇ ನಡೆಸಲು ಬಿಡುವುದಾದರೆ ಒಪ್ಪುವೆನೆಂದು ಅವರು ಕರಾರು ಹಾಕಿದರು. ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತದ ಸ್ಟೋಕ್ ಮ್ಯಾಂಡೆವಿಲ್ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ 1944ರ ಫೆಬ್ರವರಿ 1ರಂದು ಆ ವಿಭಾಗ ಆರಂಭವಾಯಿತು.

ಅಲ್ಲಿ ಅವರು ಮಾಡಿದ ಮೊದಲನೆಯ ಕೆಲಸ ಬಹು ಸರಳವಾದುದು. ರೋಗಿಗಳನ್ನು ಹುದುಗಿಸಿಟ್ಟಿದ್ದ ಗಾರೆಯ ಅಚ್ಚುಗಳನ್ನು ತೆಗೆಸಿಹಾಕಿದರು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯನ್ನೂ ಮಗ್ಗುಲು ಬದಲಿಸಬೇಕೆಂದು ಕಟ್ಟಳೆ ಮಾಡಿದರು. ಮೂತ್ರ ತೆಗೆಯುವ ನಳಿಗೆಯನ್ನು ಬರಿಗೈ ಸೋಕದಂತೆ, ಪೂರಾ ಶುಚಿಯಾಗಿ ಬಳಸಬೇಕೆಂದರು. ನಡುರಾತ್ರಿಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ವಾರ್ಡಿಗೆ ಬಂದು, ಮಗ್ಗುಲು ತಿರುಗಿಸಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಗುಟ್‌ಮನ್ನರು ಮೃದುವಾದ ಮನುಷ್ಯರಲ್ಲ. ಹಠ, ಕೋಪ, ತಮ್ಮ ಮಾತೇ ನಡೆಯಬೇಕೆಂಬ ಛಲ ಇವೆಲ್ಲ ಅವರಲ್ಲಿದ್ದುವು. ದಾದಿಯರು ಅವರಿಗೆ ಅಂಜುತ್ತಿದ್ದರು; ಅದೇ ರೋಗಿಗಳು ಅವರನ್ನು ಅಪ್ಪನೆಂದು ಕರೆಯುತ್ತಿದ್ದರು. ವ್ರಣಗಳು ಮಾಯತೊಡಗಿದುವು. ಸಾಯುವರೆಂದು ಬಂದವರು ಸಾಯಲಿಲ್ಲ.

ಸಾಯದಿದ್ದವರು ಮುಂದೇನು ಮಾಡಬೇಕು? ಈ ಪ್ರಶ್ನೆಗೆ ಗುಟ್‌ಮನ್ನರು ಕೊಟ್ಟ ಉತ್ತರದಲ್ಲಿ ಅವರ ನಿಜವಾದ ಹಿರಿಮೆಯಿದೆ. ರೋಗಿಯು ಮನೆಗೆ ಹಿಂತಿರುಗಿ ಮೂಲೆಯಲ್ಲಿ ಕುಳಿತರೆ ಸಾಲದು; ದುಡಿಯಬೇಕು, ಸಂಪಾದಿಸಬೇಕು, ಎಲ್ಲರಂತೆ ಸರಕಾರಕ್ಕೆ ತೆರಿಗೆಯನ್ನು ಕಟ್ಟಬೇಕು ಎಂಬುದು ಅವರ ಗುರಿಯಾಗಿತ್ತು. ವಾರ್ಡಿನ ಪಕ್ಕದಲ್ಲಿಯೇ ಬಡಗಿಯ ಕೆಲಸ, ಗಡಿಯಾರ ರಿಪೇರಿ, ಬೆರಳಚ್ಚು ಇವುಗಳನ್ನು ಕಲಿಸಲು ಏರ್ಪಾಡಾಯಿತು. ಆದರೆ ದುಡಿಮೆಗೆ ಮೊದಲು ಬಲ ಬೇಕು. ಕಾಲಿಲ್ಲದವನಿಗೆ ತೋಳುಗಳೇ ಕಾಲುಗಳು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಶೌಚಪೀಠಕ್ಕೆ ತನ್ನ ಇಡೀ ಭಾರವನ್ನು ಅವನು ಭುಜಬಲದಿಂದಲೇ ಎತ್ತಿ ಸಾಗಿಸಬೇಕು. ಸೊಂಟದ ಅರಿವಿಲ್ಲದವನು ನೆಟ್ಟಗೆ ಕುಳಿತುಕೊಳ್ಳುವುದನ್ನೂ ಹೊಸದಾಗಿ ಕಲಿಯಬೇಕು. ಇಲ್ಲವಾದರೆ ಕೈ ಚಾಚಿದೊಡನೆ ಉರುಳಿಬೀಳುತ್ತಾನೆ. ಕುಳಿತೇ ಇರುವವನ ಮೈಯಲ್ಲಿ ಬೊಜ್ಜು ಬೆಳೆದು ಎದೆಯೂ ಶ್ವಾಸಕೋಶಗಳೂ ಸೋಮಾರಿಯಾಗುತ್ತವೆ. ನಡೆದಾಡುವ ನಮಗಾದರೋ ದಿನಕ್ಕೆ ನಾಲ್ಕು ಸಾರಿ ಮೆಟ್ಟಿಲು ಹತ್ತಿಳಿಯುವಲ್ಲಿಯೇ ಒಂದಿಷ್ಟು ವ್ಯಾಯಾಮ ಪುಕ್ಕಟೆಯಾಗಿ ದೊರೆಯುತ್ತದೆ. ಅವನಿಗೆ ಅದನ್ನು ಯಾರಾದರೂ ಏರ್ಪಡಿಸಿಕೊಡಬೇಕು.

ಆಟದ ವಿಚಾರ ಹೊಳೆದದ್ದು ರೋಗಿಗಳಿಂದಲೇ. ಗಾಲಿಕುರ್ಚಿಗಳಲ್ಲಿ ಕುಳಿತ ಸೈನಿಕರು ಊರುಗೋಲುಗಳನ್ನು ತಿರುವುಮುರುವು ಹಿಡಿದು ಬಿಲ್ಲೆಯೊಂದನ್ನು ಅತ್ತಿತ್ತ ಹೊಡೆಯುತ್ತ ಗದ್ದಲವೆಬ್ಬಿಸಿದ್ದನ್ನು ಗುಟ್‌ಮನ್ನರು ಕಂಡರು. ಗದರಿಸಿ ಅದನ್ನು ನಿಲ್ಲಿಸುವ ಬದಲು ತಾವೇ ಅದಕ್ಕೊಂದು ಕ್ರಮ ತಂದುಕೊಟ್ಟರು. ಕುರ್ಚಿಯ ಪೋಲೋ ಎಂದು ಅದಕ್ಕೆ ಹೆಸರಾಯಿತು. ಅದು ಬಲು ಒರಟಾಟವಾದುದರಿಂದ ತರುವಾಯ ನೆಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಬಂದುವು. ಬಿಲ್ಲುವಿದ್ಯೆಯನ್ನು ಅವರು ವಿಶೇಷವಾಗಿ ಮೆಚ್ಚಿದರು. ಬಿಲ್ಲನ್ನು ಸೆಳೆಯುವುದರಿಂದ ತೋಳು, ಹೆಗಲು, ಬೆನ್ನುಗಳಿಗೆ ಬಲ ಬರುತ್ತದೆ. ಗುರಿಯಿಡುವಾಗ ಮೈಯ ಸಮತೋಲ ಸಾಧಿಸುತ್ತದೆ. ಅದಕ್ಕಿಂತ ಮಿಗಿಲಾಗಿ, ಕುಳಿತು ಬಿಟ್ಟ ಬಾಣಕ್ಕೂ ನಿಂತು ಬಿಟ್ಟ ಬಾಣಕ್ಕೂ ಗುರಿಯ ಹಲಗೆ ಭೇದವೆಣಿಸುವುದಿಲ್ಲ. ಅವರ ಎಣಿಕೆ ಹುಸಿಯಾಗಲಿಲ್ಲ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ನ್ಯೂಜಿಲೆಂಡಿನ ನೆರೊಲಿ ಫೇರ್‌ಹಾಲ್ ಎಂಬ ಮಹಿಳೆ ಗಾಲಿಕುರ್ಚಿಯಲ್ಲಿ ಕುಳಿತೇ, ನಡೆಯಬಲ್ಲ ಬಿಲ್ಗಾರ್ತಿಯರೊಡನೆ ಸ್ಪರ್ಧಿಸಿದರು.

1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಉದ್ಘಾಟನೆಗೊಂಡುವು. ಸರಿಯಾಗಿ ಅದೇ ದಿನವನ್ನು ಆರಿಸಿಕೊಂಡು ಗುಟ್‌ಮನ್ನರು ತಮ್ಮ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಬಿಲ್ಲುಗಾರಿಕೆಯ ಸ್ಪರ್ಧೆಯನ್ನು ಇಟ್ಟುಕೊಂಡರು. ಸ್ಪರ್ಧಿಗಳು ಒಟ್ಟು 16 ಮಂದಿ, ಅವರಲ್ಲಿ ಇಬ್ಬರು ಹೆಂಗಸರು. ಅತ್ತ ಮಹಾನಗರದಲ್ಲಿ ತುಂಬಿದ ಕ್ರೀಡಾಂಗಣ. ಇತ್ತ ಹಳ್ಳಿಯಲ್ಲಿ ಹದಿನಾರು ಗಾಲಿಕುರ್ಚಿಗಳು.

ನನ್ನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ನಾನು ಕನ್ನಡದ ಜೊತೆಗೆ ಕವಾಯತಿನ ತಾಸನ್ನೂ ನೋಡಿಕೊಳ್ಳುವವನು. ನಮ್ಮಲ್ಲಿ ಹುಟ್ಟಿನಿಂದ ಒಂದು ಕಾಲು ಸೊರಗಿದ ಹುಡುಗನೊಬ್ಬನಿದ್ದಾನೆ. ತಂದೆತಾಯಿಗಳು ವಿಜಯಪುರದ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು. ಮೂರು ವರ್ಷಗಳ ಕಾಲ ಕವಾಯತಿನ ತಾಸಿನಲ್ಲಿ ಅವನಿಗೆ ನಾನು ಒಪ್ಪಿಸಿದ ಕೆಲಸವೆಂದರೆ ಕಟ್ಟೆಯ ಮೇಲೆ ಕುಳಿತು ಉಳಿದವರ ಚೀಲ, ಚಪ್ಪಲಿಗಳನ್ನು ಕಾಯುವುದು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ವಿನಾಯಿತಿ ಎಂದು ಬರೆಯುತ್ತಿದ್ದೆ. ಇದು ದಯೆಯೆಂದೇ ನನ್ನ ಭಾವನೆ. ಕಳೆದ ವರ್ಷ ಆರೋಗ್ಯ ತಪಾಸಣೆಗೆ ಬಂದ ವೈದ್ಯರು ಅವನನ್ನು ತೂಗಿ ನೋಡಿ, ಭುಜಗಳನ್ನು ಹಿಸುಕಿ ನೋಡಿ, ಈ ಹುಡುಗ ಯಾವ ಆಟ ಆಡುತ್ತಾನೆಂದು ಕೇಳಿದರು. ಹುಡುಗ ನನ್ನ ಮುಖ ನೋಡಿದನು. ನನ್ನ ಬಳಿ ಉತ್ತರವಿರಲಿಲ್ಲ. ಗುಟ್‌ಮನ್ನರ ವಿಷಯವನ್ನು ನಾನು ಓದಲಾರಂಭಿಸಿದ್ದು ಆಮೇಲೆ.

ಮತ್ತೆ ಸ್ಟೋಕ್ ಮ್ಯಾಂಡೆವಿಲ್ಲಿಗೆ ಬರೋಣ. ಸ್ಪರ್ಧೆ ಪ್ರತಿ ವರ್ಷವೂ ನಡೆಯುತ್ತ ಹೋಯಿತು. 1952ರಲ್ಲಿ ಹಾಲೆಂಡಿನ ಮಾಜಿ ಸೈನಿಕರು ಕಡಲು ದಾಟಿ ಬಂದುದರಿಂದ ಅದು ಅಂತಾರಾಷ್ಟ್ರೀಯವಾಯಿತು. 1956ರಲ್ಲಿ ಒಲಿಂಪಿಕ್ ಸಮಿತಿಯು ಫರ್ನ್‌ಲಿ ಪಾರಿತೋಷಕವನ್ನಿತ್ತು ಈ ಕಾರ್ಯವನ್ನು ಮನ್ನಿಸಿತು. 1960ರಲ್ಲಿ ರೋಮ್ ನಗರದಲ್ಲಿ ಒಲಿಂಪಿಕ್ಸ್ ಮುಗಿದೊಡನೆ ಅಲ್ಲಿಯೇ ಇವರ ಕ್ರೀಡೆಗಳು ನಡೆದಾಗ 23 ದೇಶಗಳಿಂದ 400 ಮಂದಿ ನೆರೆದಿದ್ದರು. ಇದನ್ನೇ ಇಂದು ಮೊದಲನೆಯ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ. ಒಂದು ಸ್ವಾರಸ್ಯವನ್ನು ಹೇಳದಿರಲಾರೆ: ಕ್ರೀಡಾಪಟುಗಳಿಗೆ ಕೊಟ್ಟ ಬಿಡಾರಗಳಿಗೆ ಮೆಟ್ಟಿಲುಗಳಿದ್ದುವು! ಇಟಲಿಯ ಸೈನಿಕರು ಅವರನ್ನು ಕುರ್ಚಿ ಸಮೇತ ಎತ್ತಿ ಹತ್ತಿಸಿ ಇಳಿಸಬೇಕಾಯಿತು. ಮೈದಾನದಲ್ಲಿ ಈಟಿಯೆಸೆದು ಗೆದ್ದವನೂ ಮಲಗುವ ಕೋಣೆಗೆ ಹೋಗಲು ಮತ್ತೊಬ್ಬರ ತೋಳಿಗೆ ಕಾಯಬೇಕಾಯಿತು. ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಲು ಎಷ್ಟು ಇಟ್ಟಿಗೆ ಬೇಕೆಂಬುದು ನಮ್ಮ ಪಾಲಕರಲ್ಲಿ ಗೌಂಡಿ ಕೆಲಸದವರಿಗೆ ಚೆನ್ನಾಗಿ ಗೊತ್ತು.

ಈ ಕ್ರೀಡೆಗಳಲ್ಲಿ ಒಂದು ಕೊರತೆಯೂ ಇತ್ತು. ಬಹುಕಾಲದವರೆಗೆ ಅಲ್ಲಿ ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿ ಹಿಡಿದವರಿಗೆ ಮಾತ್ರ ಪ್ರವೇಶವಿತ್ತು. ಕುರುಡರೂ ಕೈಕಾಲು ಕಳೆದುಕೊಂಡವರೂ 1976ರ ಟೊರಾಂಟೊ ಕ್ರೀಡೆಗಳವರೆಗೆ ಕಾಯಬೇಕಾಯಿತು. ಆದರೆ 1961ರಲ್ಲಿಯೇ ಗುಟ್‌ಮನ್ನರು ಎಲ್ಲ ಬಗೆಯ ಅಂಗವಿಕಲರ ಕ್ರೀಡೆಗಾಗಿ ಬ್ರಿಟನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದ್ದರೆಂಬುದನ್ನೂ ಮರೆಯಬಾರದು. 1966ರಲ್ಲಿ ಅವರಿಗೆ ಸರ್ ಪದವಿ ಬಂತು.

1972ರ ಕ್ರೀಡೆಗಳು ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ನಡೆದುವು. ಬರಿಗೈಯಲ್ಲಿ ಹೊರಬೀಳಬೇಕಾಗಿದ್ದ ದೇಶಕ್ಕೆ, ಮೂವತ್ತಮೂರು ವರ್ಷಗಳ ತರುವಾಯ, ಗುಟ್‌ಮನ್ನರು ನಲವತ್ತಕ್ಕೂ ಹೆಚ್ಚು ರಾಷ್ಟ್ರಗಳ ಕ್ರೀಡಾಪಟುಗಳ ಹಿರಿಯರಾಗಿ ಕಾಲಿಟ್ಟರು. ಅಲ್ಲಿಯೇ ಭಾರತಕ್ಕೂ ಒಂದು ಶುಭ ದಿನ ಕಾದಿತ್ತು. ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರರು 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಬಲ ಕಳೆದುಕೊಂಡ ಸೈನಿಕರು. ಮುಂಬಯಿಯ ನೌಕಾಪಡೆಯ ಆಸ್ಪತ್ರೆಯಲ್ಲಿದ್ದಾಗ ಚಿಕಿತ್ಸೆಯ ಅಂಗವಾಗಿ ಈಜತೊಡಗಿದರು. ಹೈಡೆಲ್‌ಬರ್ಗಿನಲ್ಲಿ ಅವರು 50 ಮೀಟರ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನದ ಪದಕವನ್ನು ಗೆದ್ದರು. ಅವರ ಜೀವನವನ್ನು ಆಧರಿಸಿದ ಚಲಚ್ಚಿತ್ರ 2024ರಲ್ಲಿ ತೆರೆಗೆ ಬಂದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿದ್ದಾರೆ. ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಮೊಳೆತ ವಿಚಾರವೇ ಆ ಈಜುಕೊಳದ ಹಿಂದೆಯೂ ಇದ್ದಿತು. ನಮ್ಮ ನಗರದ ಖಡಕಿಯಲ್ಲಿ ಬೆನ್ನುಹುರಿ ಪೆಟ್ಟಾದ ಸೈನಿಕರ ಕೇಂದ್ರವಿದೆ. ಅಲ್ಲಿನವರೂ ಗಾಲಿಕುರ್ಚಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರೇ. ನಮ್ಮ ನಾಡಿನ ಮಾಲತಿ ಹೊಳ್ಳರು 1988ರ ಸೋಲ್ ಕ್ರೀಡೆಗಳಿಗೆ ಹೋಗಿಬಂದರು. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶರು 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿಯ ಪದಕ ತಂದರು.

ಇವರು ಪದಕ ಗೆದ್ದವರು. ಪದಕದ ಗೊಡವೆಯಿಲ್ಲದೆ ಸುಮ್ಮನೆ ಮೈ ಹಗುರವಾಗಲೆಂದು ಆಡಬಯಸುವ ಲಕ್ಷಾಂತರ ಜನರ ಪಾಡೇನು? ಗುಟ್‌ಮನ್ನರ ಮನಸ್ಸಿನಲ್ಲಿ ಮೊದಲಿಗಿದ್ದವರು ಇವರೇ. 2016ರಲ್ಲಿ ನಮ್ಮ ದೇಶ ಮಾಡಿದ ಅಂಗವಿಕಲರ ಹಕ್ಕುಗಳ ಕಾಯಿದೆಯ 30ನೆಯ ಕಲಮು ಕ್ರೀಡೆಗೇ ಮೀಸಲು. ಆಟಗಳ ಕಾರ್ಯಕ್ರಮವನ್ನೂ ಮೈದಾನದ ಅನುಕೂಲಗಳನ್ನೂ ಅವರಿಗೆ ಒದಗುವಂತೆ ಮರುರೂಪಿಸಬೇಕೆಂದು ಅದರಲ್ಲಿ ಹೇಳಿದೆ. ಅಂಥ ಕಲಮೊಂದು ಇರುವುದೇ ಕವಾಯತಿನ ಮಾಸ್ತರನಾದ ನನಗೆ ತಿಳಿದಿರಲಿಲ್ಲ.

ನಿವೃತ್ತರಾದ ಮೇಲೂ ಗುಟ್‌ಮನ್ನರು ಸುಮ್ಮನೆ ಕೂರಲಿಲ್ಲ. ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಅಂಗವಿಕಲರಿಗಾಗಿಯೇ ಕಟ್ಟಿಸಿದ ಕ್ರೀಡಾಂಗಣವು 1969ರಲ್ಲಿ ತೆರೆಯಿತು. 1979ರಲ್ಲಿ ಅವರಿಗೆ ಹೃದಯಾಘಾತವಾಯಿತು; 1980ರ ಮಾರ್ಚ್ 18ರಂದು, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಅವರು ಕಾಲವಾದರು. 2014ರಿಂದೀಚೆಗೆ ಪ್ರತಿ ಪ್ಯಾರಾಲಿಂಪಿಕ್ಸಿಗೂ ಮುನ್ನ ಆ ಹಳ್ಳಿಯಲ್ಲಿ ಒಂದು ಜ್ಯೋತಿಯನ್ನು ಹೊತ್ತಿಸುತ್ತಾರೆ.

ಈ ವರ್ಷದ ನಮ್ಮ ಕ್ರೀಡಾದಿನದ ಪಟ್ಟಿಯಲ್ಲಿ ಕುಳಿತು ಚೆಂಡೆಸೆಯುವ ಸ್ಪರ್ಧೆಯೊಂದನ್ನು ಸೇರಿಸಿದ್ದೆವು. ಕಾಲು ಸರಿಯಿದ್ದವರೂ ಬೆಂಚಿನ ಮೇಲೆ ಕುಳಿತೇ ಎಸೆಯಬೇಕೆಂಬುದು ನಿಯಮ. ಚೀಲಗಳನ್ನು ಕೊಠಡಿಯಲ್ಲಿಟ್ಟು ಬೀಗ ಹಾಕಿದೆವು. ಜೂನ್ ತಿಂಗಳಿನಿಂದ ದಿನವೂ ಅಭ್ಯಾಸ ಮಾಡಿದ್ದ ನಮ್ಮ ಹುಡುಗ ಒಂಬತ್ತು ಮಂದಿಯಲ್ಲಿ ಮೂರನೆಯವನಾದನು. ಬಹುಮಾನದ ಲೇಖನಿಯನ್ನು ಕೈಗಿತ್ತೊಡನೆ ಅವನು, ತನ್ನ ಬೆಂಚಿನ ಒಂದು ಕಾಲು ಕುಂಟುತ್ತಿತ್ತೆಂದೂ, ಮುಂದಿನ ವರ್ಷ ಒಳ್ಳೆಯ ಬೆಂಚನ್ನು ಹಾಕಿಸಬೇಕೆಂದೂ ನನ್ನೊಡನೆ ಜಗಳಕ್ಕೆ ನಿಂತನು.